ವಿಶೇಷ ಮಳಿಗೆ ಒಪ್ಪಂದ ಮತ್ತು ಆಟಗಾರರ ಪ್ರತಿಭಟನೆ

ಕಂಪ್ಯೂಟರ್ ಗೇಮ್ ಒಂದನ್ನು ನಿಗದಿತ ಅವಧಿಗೆ ಒಂದೇ ಆನ್‌ಲೈನ್ ಮಳಿಗೆಯಲ್ಲಿ ಮಾರುವ ಕರಾರು ಮತ್ತು ಅದರ ವಿರುದ್ಧ ಎದ್ದ ಸಿಟ್ಟು. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಎಪಿಕ್ ಗೇಮ್ಸ್ ಸ್ಟೋರ್ ಮಾರಾಟದ ಶೇ 12ನ್ನಷ್ಟೇ ಇಟ್ಟುಕೊಂಡಿತು. ಪ್ರತಿಸ್ಪರ್ಧಿ ಮಳಿಗೆ ಸ್ಟೀಮ್‌ನ ಸಾಮಾನ್ಯ ಪಾಲು ಶೇ 30. ತಯಾರಕರು ಅತ್ತ ವಾಲಿದ್ದು ಸಹಜವೇ. 2019ರ ಜನವರಿಯಲ್ಲಿ, ಬಿಡುಗಡೆಗೆ ಎರಡೂವರೆ ವಾರವಿರುವಾಗ, ‘ಮೆಟ್ರೋ ಎಕ್ಸೋಡಸ್’ ಸ್ಟೀಮ್ ಬಿಟ್ಟಿತು. ಕೆರಳಿದವರು ಅದೇ ಸರಣಿಯ ಹಳೆಯ ಗೇಮ್‌ಗಳಿಗೆ ಕೆಟ್ಟ ವಿಮರ್ಶೆಗಳ ಮಳೆಗರೆದರು. ‘ಶೆನ್ಮೂ 3’ರ ಪ್ರಕರಣ ಇನ್ನೂ ನೋವಿನದು: 2015ರಲ್ಲೇ ನಿಧಿಸಂಗ್ರಹ ತಾಣ ಕಿಕ್‌ಸ್ಟಾರ್ಟರ್ ಮೂಲಕ ಹಣ ಕೊಟ್ಟು ಸ್ಟೀಮ್ ಪ್ರತಿಗಾಗಿ ಕಾದವರಿಗೆ 2019ರಲ್ಲಿ ಎಪಿಕ್ ಪ್ರತಿಯೇ ಗತಿಯಾಯಿತು. ಆ ದೂರು ನ್ಯಾಯವಾದದ್ದು. ‘ಊಬ್ಲೆಟ್ಸ್’ ಗೇಮ್ ರೂಪಿಸುತ್ತಿದ್ದ ಇಬ್ಬರಿಗೆ, ಎಪಿಕ್ ಜೊತೆ ಇಂಥದೇ ಕರಾರು ಮಾಡಿಕೊಂಡದ್ದಕ್ಕೆ ಅದೇ ವರ್ಷ ಬಂದ ಬೆದರಿಕೆಗಳಿಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ‘ಶೆನ್ಮೂ 3’ಕ್ಕೆ ಕೊಟ್ಟ ಹಣವನ್ನು ವಾಪಸ್ ಕೇಳಿದವರ ವೆಚ್ಚ ಭರಿಸಲು ಕೊನೆಗೆ ಎಪಿಕ್ ಒಪ್ಪಿತು.