ಐವತ್ತು ಹರ್ಟ್ಸಿನಲ್ಲಿ ಸೋತ ಸೋನಿಕ್

1991ರಲ್ಲಿ ಸೆಗಾ ಹೊರತಂದ ‘ಸೋನಿಕ್ ದಿ ಹೆಜ್‌ಹಾಗ್’ ಆಟದ ಹೆಗ್ಗಳಿಕೆಯೇ ಅದರ ಓಟ. ಯುರೋಪಿನ ಮೆಗಾ ಡ್ರೈವ್ ಯಂತ್ರದಲ್ಲಿ ಮಾತ್ರ ಅದು ಆರರಲ್ಲೊಂದು ಪಾಲು ನಿಧಾನವಾಗಿ ಓಡಿತು. ಹಿನ್ನೆಲೆ ಸಂಗೀತವೂ ಕುಂಟಿತು, ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿ ಬಂತು. ಜಪಾನ್, ಅಮೆರಿಕಗಳ ಎನ್‌ಟಿಎಸ್‌ಸಿ ಟಿವಿ 525 ಗೆರೆಗಳದ್ದು, ತೆರೆಯನ್ನು ಸೆಕೆಂಡಿಗೆ ಸುಮಾರು 60 ಸಲ ಬರೆಯುತ್ತಿತ್ತು. ಪಶ್ಚಿಮ ಯುರೋಪಿನ ಬಹುಪಾಲು ದೇಶಗಳ ಪಾಲ್ ಟಿವಿಗೆ 625 ಗೆರೆ, ಆದರೆ 50 ಸಲ, ಅಂದರೆ 50 ಹರ್ಟ್ಸ್, ಮಾತ್ರ. (1982ರಲ್ಲಿ ಬಣ್ಣ ಕಂಡ ನಮ್ಮ ದೂರದರ್ಶನವೂ ಪಾಲ್ ಪಂಗಡದ್ದೇ ಆಗಿತ್ತು.) ಆಗಿನ ಬಹುಪಾಲು ಆಟಗಳಿಗೆ ಬೇರೆ ಗಡಿಯಾರವಿರಲಿಲ್ಲ, ತೆರೆ ಒಮ್ಮೆ ಬರೆದು ಮುಗಿದರೆ ಆಟ ಒಂದು ಹೆಜ್ಜೆ ಮುಂದೆ. ತೆರೆ ನಿಧಾನವಾದರೆ ಕಾಲವೇ ನಿಧಾನ.

ತಪ್ಪು ಟಿವಿಯದು ಎಂದು ಇಲ್ಲಿಗೇ ಮುಗಿಸಿಬಿಡುವುದು ರೂಢಿ. ಅದು ಅರ್ಧಸತ್ಯ. ಮರುವರ್ಷವೇ ಬಂದ ‘ಸೋನಿಕ್ 2’ರ ಯುರೋಪ್ ಆವೃತ್ತಿಯಲ್ಲಿ ಸಂಗೀತದ ಲಯ ಸರಿಯಾಗಿತ್ತು, ಓಟ ಮಾತ್ರ ಹಾಗೇ ಉಳಿದಿತ್ತು. ಅಂದರೆ ತಯಾರಕರಿಗೆ ರೋಗವೂ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಪ್ರತಿ ಜಿಗಿತ, ಪ್ರತಿ ಶತ್ರುವಿನ ನಡೆಯನ್ನು ಮತ್ತೆ ಲೆಕ್ಕ ಹಾಕಿ ಪರೀಕ್ಷಿಸುವುದು ಖರ್ಚಿನ ಬಾಬತ್ತು. ಅದನ್ನು ಉಳಿಸಿದರು ಎಂದೇ ನಾನು ಓದುತ್ತೇನೆ. ಕೊನೆಗೆ 1999ರಲ್ಲಿ ಯುರೋಪಿಗೆ ಬಂದ ಸೆಗಾದ ಡ್ರೀಮ್‌ಕಾಸ್ಟ್‌ನ ಅನೇಕ ಆಟಗಳು 60 ಹರ್ಟ್ಸ್ ಬೇಕೇ ಎಂದು ಆಟಗಾರರನ್ನೇ ಕೇಳಿದವು.

ತಯಾರಕರು ಬಿಟ್ಟ ಕೆಲಸವನ್ನು ಹವ್ಯಾಸಿಗಳ ಪ್ಯಾಚ್‌ಗಳು, ಅಂದರೆ ಆಟದ ಕೋಡ್ ತಿದ್ದುವ ಪುಟ್ಟ ಕಡತಗಳು, ಕೈಗೆತ್ತಿಕೊಂಡವು. ಮೆಗಾ ಡ್ರೈವ್‌ನ ಕೆಲವು ಕ್ಯಾಸೆಟ್‌ಗಳು ಯಂತ್ರ ಯಾವ ಪ್ರದೇಶದ್ದೆಂದು ನೋಡಿ, ಹೊರಗಿನದಾದರೆ ನಿಂತುಬಿಡುತ್ತಿದ್ದವು. ಆ ತಪಾಸಣೆಯನ್ನು ದಾಟಿಸಲು ಕೆಲವೇ ಬೈಟ್ ಬದಲಿಸಿದರೆ ಸಾಕು. ಪ್ಲೇಸ್ಟೇಷನ್‌ನ ಪಾಲ್ ಆಟವನ್ನು 60 ಹರ್ಟ್ಸಿಗೆ ತಿರುಗಿಸುವಾಗ ಸಮಸ್ಯೆ ಬೇರೆ. ಚಿತ್ರ ಯಾವ ಗೆರೆಯಿಂದ ಶುರುವಾಗಬೇಕೆಂಬ ಲೆಕ್ಕ ಪಾಲ್ ತೆರೆಗೆ ಹೊಂದಿಸಿದ್ದು. ಅದನ್ನು ಹುಡುಕಿ ತಿದ್ದದಿದ್ದರೆ ಚಿತ್ರ ಕೆಳಕ್ಕೆ ಜಾರಿ ಅದರ ಬುಡ ಕಾಣೆಯಾಗುತ್ತದೆ. ನಿಜವಾದ ಪೇಚು ಯುರೋಪಿನಲ್ಲೇ ಹುಟ್ಟಿದ ಆಟಗಳದ್ದು. ನಿಂಟೆಂಡೊ ಎನ್‌ಇಎಸ್‌ನಲ್ಲಿ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು ಎನ್‌ಟಿಎಸ್‌ಸಿಯಲ್ಲಿ 20 ಗೆರೆಯಷ್ಟು, ಪಾಲ್‌ನಲ್ಲಿ 70. ಹೊಸ ಚಿತ್ರದ ಸಾಮಗ್ರಿ ತುಂಬಲು ಸಿಗುವುದು ಆ ಬಿಡುವೊಂದೇ. ಬ್ರೇಬೆನ್ ಮತ್ತು ಬೆಲ್ ಜೋಡಿಯ ‘ಎಲೈಟ್’ 1991ರಲ್ಲಿ ಎನ್‌ಇಎಸ್‌ಗೆ ಬಂದದ್ದು ಯುರೋಪಿನಲ್ಲಿ ಮಾತ್ರ. 70 ಗೆರೆಯ ಬಿಡುವನ್ನು ನಂಬಿ ಬರೆದ ಇಂಥ ಆಟವನ್ನು ಸುಮ್ಮನೆ 60ಕ್ಕೆ ಏರಿಸಿದರೆ ತೆರೆಯೇ ಕಲಸಿಹೋಗುತ್ತದೆ.

ಲಂಡನ್ನಿನ, ಬರ್ಲಿನ್ನಿನ ಮಕ್ಕಳು ಆಡಿ ಬೆಳೆದದ್ದೇ ನಿಧಾನದ ಸೋನಿಕ್, ಅದನ್ನು ತಿದ್ದುವುದು ಅವರ ಚರಿತ್ರೆಯನ್ನು ಅಳಿಸಿದಂತಲ್ಲವೇ ಎಂಬ ಆಕ್ಷೇಪವಿದೆ. ಹಗುರವಾಗಿ ತಳ್ಳಿಹಾಕುವ ಮಾತಲ್ಲ ಅದು. ಆದರೆ ಪ್ಯಾಚ್ ಮೂಲವನ್ನು ಮುಟ್ಟುವುದಿಲ್ಲ. ಪ್ಯಾಚ್‌ಗಳಿಗೆ ಬಳಕೆಯಲ್ಲಿರುವ ಐಪಿಎಸ್ ಎಂಬ ಮಾದರಿಯ ಕಡತದಲ್ಲಿ ಇರುವುದು ಬದಲಾವಣೆ ಎಲ್ಲಿ, ಏನು ಎಂಬುದಷ್ಟೇ. ಹಳೆಯದು ಬೇಕಾದವರಿಗೆ ಹಳೆಯದು ಹಾಗೇ ಇದೆ. ಆಟ ಯಾವ ತೆರೆಗಾಗಿ ಹುಟ್ಟಿತೋ ಆ ವೇಗವೇ ಅದರದ್ದು: ಸೋನಿಕ್‌ಗೆ 60, ಎಲೈಟ್‌ಗೆ 50. ಇಷ್ಟು ವಿವೇಕವನ್ನು ಕಂಪನಿಗಳಿಂದಲೇ ನಿರೀಕ್ಷಿಸಿದರೆ ನಿರಾಸೆ ಖಚಿತ. 2018ರಲ್ಲಿ ಸೋನಿ ಮಾರಿದ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ, ಅಮೆರಿಕದ ಗ್ರಾಹಕರಿಗೂ, ಜಪಾನಿನ ‘ಟೆಕ್ಕೆನ್ 3’ ಸಿಕ್ಕಿದ್ದು 50 ಹರ್ಟ್ಸಿನ ಪಾಲ್ ಆವೃತ್ತಿಯಲ್ಲಿ.