ಬರದ ವರ್ಷದ ಊಟದ ಪ್ರಾರ್ಥನೆ



ಮಾಗಡಿ ಎಂದೊಡನೆ ನಿಮ್ಮಲ್ಲಿ ಅನೇಕರಿಗೆ ಬೆಂಗಳೂರಿನ ಸಮೀಪದ, ಕೆಂಪೇಗೌಡರ ಮಾಗಡಿ ನೆನಪಾಗಬಹುದು. ನಾನು ಹೇಳಹೊರಟಿರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿಯ ಕುರಿತು. ಗದಗದಿಂದ ಸುಮಾರು 26 ಕಿಲೋಮೀಟರ್ ದೂರದ ಈ ಊರಿಗೆ ಹೆಸರು ತಂದುಕೊಟ್ಟಿರುವುದು ಅಲ್ಲಿನ ಕೆರೆ. ಮಳೆಯ ನೀರನ್ನು ಹಿಡಿದಿಟ್ಟು ಹೊಲಗಳಿಗೆ ಹಾಯಿಸಲೆಂದು ಕಟ್ಟಿದ ಕೆರೆಯಿದು. ಚಳಿಗಾಲ ಬಂತೆಂದರೆ ಮಂಗೋಲಿಯ, ಟಿಬೆಟ್, ಲಡಾಖ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬಂದಿಳಿಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು.

ಹಿಂದೊಂದು ಬರದ ವರ್ಷ, ಧರ್ಮೋಪದೇಶ ತರಗತಿಯ ಮಕ್ಕಳನ್ನು ಕರೆದುಕೊಂಡು ಆ ಹಕ್ಕಿಗಳನ್ನು ತೋರಿಸಲು ಹೋಗಿದ್ದೆ. ಮಧ್ಯಾಹ್ನ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜುಣಕ. ಊಟಕ್ಕೆ ಮುಂಚೆ ದೇವರಿಗೆ ಕೃತಜ್ಞತೆ ಸಲ್ಲಿಸೋಣ ಎಂದು ನಾನು ಶಿಲುಬೆಯ ಗುರುತು ಮಾಡಲು ಕೈಯೆತ್ತಿದಾಗ, ಒಂಬತ್ತು ವರ್ಷದ ಬಾಲಕನೊಬ್ಬ ಕೇಳಿದ: "ಈ ಸಲ ಮಳಿನ ಬಂದಿಲ್ಲರೀ ಫಾದರ್. ನಮ್ಮ ಹೊಲದಾಗ ಏನೂ ಬೆಳಿ ಇಲ್ಲ. ಮತ್ತ ದೇವರಿಗೆ ಯಾವುದಕ್ಕ ವಂದನೆ ಹೇಳೂದು?"

ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ. ತಿಳಿಯಲೆಂದೇ ಕೇಳಿದ್ದ. ನಾನು ಗುರುಮಠದಲ್ಲಿ ಕಲಿತದ್ದನ್ನೆಲ್ಲ ಒಂದು ಕ್ಷಣ ತಡಕಾಡಿ, ಗಾಳಿ ಇದೆ, ಬೆಳಕು ಇದೆ, ಆರೋಗ್ಯವಿದೆ, ಅದಕ್ಕೆಲ್ಲ ವಂದಿಸಬೇಕು ಎಂದುಬಿಟ್ಟೆ. ಅವನು ವಿಧೇಯನಾಗಿ ಕಣ್ಣು ಮುಚ್ಚಿಕೊಂಡ. ಆ ವಿಧೇಯತೆ ನನ್ನನ್ನು ಬಹುಕಾಲ ಕಾಡಿತು. ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ, ಪ್ರಶ್ನೆಯನ್ನು ಮುಚ್ಚಿದ್ದೆ ಅಷ್ಟೆ.

ಮಕ್ಕಳಿಗೆ ಕೃತಜ್ಞತೆಯನ್ನು ಕಲಿಸುವುದು ಹೇಗೆಂಬ ಪ್ರಶ್ನೆಯನ್ನು ನಾವು ಈಗ ಸಾಮಾನ್ಯವಾಗಿ ಶಿಷ್ಟಾಚಾರದ ಪ್ರಶ್ನೆಯೆಂದು ಭಾವಿಸುತ್ತೇವೆ. ಮಾಮಾ ಚಾಕೊಲೇಟ್ ಕೊಟ್ಟರೆ "ಥ್ಯಾಂಕ್ಯೂ ಹೇಳು" ಎಂದು ತಾಯಿ ಮಗುವಿನ ಬೆನ್ನು ತಟ್ಟುತ್ತಾಳೆ. ತಪ್ಪಲ್ಲ. ಆದರೆ ನಮ್ಮ ಹಳೆಯ ತಲೆಮಾರಿನವರ ಮನೆಗಳಲ್ಲಿ 'ಧನ್ಯವಾದ' ಎಂಬ ಮಾತೇ ಕೇಳಿಬರುತ್ತಿರಲಿಲ್ಲ. ಉಂಡವರು "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಹರಸುತ್ತಿದ್ದರು. ಕೃತಜ್ಞತೆ ಎಂಬ ಪದವನ್ನೇ ಬಿಡಿಸಿ ನೋಡಿ: 'ಕೃತ' ಎಂದರೆ ಮಾಡಲ್ಪಟ್ಟದ್ದು, 'ಜ್ಞ' ಎಂದರೆ ಅರಿತವನು. ತನಗಾಗಿ ಏನು ಮಾಡಲಾಗಿದೆ ಎಂಬುದನ್ನು ಬಲ್ಲವನೇ ಕೃತಜ್ಞ. ಅಂದರೆ ಅದು ನಾಲಗೆಗಿಂತ ಮೊದಲು ನೆನಪಿಗೆ ಸಂಬಂಧಿಸಿದ್ದು. ನೆನಪು ಎಂದ ಮೇಲೆ ಅದರಲ್ಲಿ ಸಿಹಿಯಷ್ಟೇ ಇರುವುದಿಲ್ಲ.

ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ಇಸ್ರಯೇಲಿನ ರೈತ ಮೊದಲ ಫಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಯಾಜಕನ ಬಳಿಗೆ ಬರುತ್ತಾನೆ. ಬಂದವನು ಬೆಳೆ ಚೆನ್ನಾಗಿದೆ, ವಂದನೆ ಎಂದಷ್ಟೇ ಹೇಳಿ ಹೊರಡುವಂತಿಲ್ಲ. ತನ್ನ ಪೂರ್ವಜ ನೆಲೆಯಿಲ್ಲದ ಅಲೆಮಾರಿಯಾಗಿದ್ದುದನ್ನು, ಐಗುಪ್ತದಲ್ಲಿ ತನ್ನ ಜನ ದಾಸರಾಗಿ ನರಳಿದ್ದನ್ನು, ಕೂಗಿಕೊಂಡದ್ದನ್ನು, ದೇವರು ಆ ಕೂಗನ್ನು ಕೇಳಿದ್ದನ್ನು ಅವನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೊಲವಿಲ್ಲದ ಲೇವಿಯನನ್ನೂ ಪರದೇಶಿಯನ್ನೂ ಜೊತೆಗೆ ಸೇರಿಸಿಕೊಂಡು ಹಬ್ಬ ಮಾಡಬೇಕು. ಪಾಸ್ಕದ ರಾತ್ರಿಯಲ್ಲೂ ಹೀಗೆಯೇ. ಇದೆಲ್ಲ ಏಕೆ ಎಂದು ಮಕ್ಕಳು ಕೇಳುವರೆಂದು ವಿಮೋಚನಕಾಂಡವು ಮೊದಲೇ ಎಣಿಸಿದೆ. ಮಗುವಿನ ಪ್ರಶ್ನೆ ಅಲ್ಲಿ ಆರಾಧನೆಗೆ ಅಡ್ಡಿಯಲ್ಲ, ಅದರ ಒಂದು ಭಾಗ. ಊಟದಲ್ಲಿ ಕಹಿಸೊಪ್ಪು ಇರಲೇಬೇಕು. ಕೆರೆಯ ದಂಡೆಯಲ್ಲಿ ನಾನು ಮುಚ್ಚಿಟ್ಟದ್ದು ಆ ಕಹಿಸೊಪ್ಪನ್ನೇ.

ಆದಿಕ್ರೈಸ್ತರು ಈ ಮನೆಯ ಪದ್ಧತಿಯನ್ನು ಬಿಡಲಿಲ್ಲ. ನಾವು ಬಲಿಪೂಜೆ ಎನ್ನುವುದಕ್ಕೆ ಗ್ರೀಕರು ಇಟ್ಟ ಹೆಸರು 'ಯೂಕರಿಸ್ತಿಯ', ಅಂದರೆ ಕೃತಜ್ಞತಾಸ್ತುತಿ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪತ್ತೆಯಾಗಿ 1883ರಲ್ಲಿ ಪ್ರಕಟವಾದ 'ದಿದಾಖೆ' ಎಂಬ ಪುಟ್ಟ ಪ್ರಾಚೀನ ಗ್ರಂಥದಲ್ಲಿ, ಪಾತ್ರೆಗಾಗಿಯೂ ಮುರಿದ ರೊಟ್ಟಿಗಾಗಿಯೂ ಸಲ್ಲಿಸುವ ವಂದನೆಗಳಿವೆ. ಊಟದ ಪಂಕ್ತಿಯಲ್ಲಿ ಹೇಳಲು ತಕ್ಕಂಥವು. ನಾಲ್ಕನೆಯ ಶತಮಾನದ ಕೊನೆಗೆ ಸಂತ ಜಾನ್ ಕ್ರಿಸೋಸ್ತೊಮರು ಮಕ್ಕಳನ್ನು ಬೆಳೆಸುವ ಬಗ್ಗೆ ಒಂದು ಪ್ರಬಂಧ ಬರೆದರು. ಮಗುವಿಗೆ ಮೊದಲು ಹೇಳಬೇಕಾದ ಕಥೆಯಾಗಿ ಅವರು ಆರಿಸಿದ್ದು ಕಾಯಿನ್ ಮತ್ತು ಹೇಬೆಲರ ಕಥೆಯನ್ನು. ಒಬ್ಬ ತನ್ನಲ್ಲಿದ್ದ ಉತ್ತಮವಾದುದನ್ನು ದೇವರಿಗೆ ಕೊಟ್ಟ, ಮತ್ತೊಬ್ಬ ಅದನ್ನು ತನಗೇ ಇಟ್ಟುಕೊಂಡ. ತಂದೆ ಕಥೆ ಹೇಳಲಿ, ತಾಯಿಯೂ ಜೊತೆಗಿರಲಿ, ಇನ್ನೊಂದು ಸಂಜೆ ಅದೇ ಕಥೆಯನ್ನು ಮಗುವೇ ತಿರುಗಿ ಹೇಳಲಿ ಎಂಬುದು ಅವರ ಸಲಹೆ. ಕೊಲೆಯ ಕಥೆಯನ್ನು ಮಕ್ಕಳಿಗೆ ಹೇಳುವುದೇ ಎಂದು ಇಂದಿನ ಪಾಲಕರು ಹುಬ್ಬೇರಿಸಿಯಾರು!

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಮನೆಯ ಮೂಲಕ ಕೃತಜ್ಞತೆಯನ್ನು ಕಲಿಸುವ ಪದ್ಧತಿ ನಮ್ಮಲ್ಲಿ ಅತ್ಯಂತ ಸುಂದರವಾಗಿ ಉಳಿದುಬಂದಿರುವುದು ಕರಾವಳಿಯ ಕಥೋಲಿಕರ ತೆನೆಹಬ್ಬದಲ್ಲಿ, ಅವರ ಮಾತಿನಲ್ಲಿ 'ಮೊಂತಿ ಫೆಸ್ತ್'ನಲ್ಲಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯ ಹಿರಿಯರು ಅದರ ಕಾಳನ್ನು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥನೆಯ ನಂತರ ಒಬ್ಬೊಬ್ಬರಿಗೂ ಕೊಡುತ್ತಾರೆ. ಅಂದಿನದು ಸಸ್ಯಾಹಾರದ ಊಟ, ಬಾಳೆ ಎಲೆಯ ಮೇಲೆ. ಮಕ್ಕಳ ಕೈಗೆ ಕಬ್ಬು. ಊರಿಗೆ ಬರಲಾಗದ ಮಗನಿಗೋ ಮಗಳಿಗೋ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಕಳಿಸುವ ಮನೆಗಳೂ ಉಂಟು. ಗಮನಿಸಿ, ಇಲ್ಲಿ ಮಗುವಿಗೆ ಯಾರೂ ಉಪದೇಶ ಮಾಡುವುದಿಲ್ಲ. ಅದರ ಕೈಗೆ ಹೂ ಬರುತ್ತದೆ, ಬಾಯಿಗೆ ಹೊಸ ಅಕ್ಕಿ ಬರುತ್ತದೆ, ಯಾರು ಊಟಕ್ಕೆ ಬಂದಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ.

ಈ ಹಬ್ಬದ ಮೂಲವನ್ನು ಪರಂಪರೆಯು 1763ಕ್ಕೆ ಒಯ್ಯುತ್ತದೆ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ, 'ಮೊಂತೆ ಮರಿಯಾನೊ' ಎಂಬ ಗುಡ್ಡದ ದೇವಾಲಯದಲ್ಲಿದ್ದ ಗೋವೆಯ ಗುರು ಜೋಕಿಮ್ ಮಿರಾಂದರು ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. 'ಮೊಂತೆ' ಎಂದರೆ ಗುಡ್ಡ, ಅದರಿಂದಲೇ ಮೊಂತಿ. ಹಬ್ಬ ಆರಂಭವಾಗಿ ಸುಮಾರು ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಆ ಸಮುದಾಯದ ಮೇಲೆ ದೊಡ್ಡ ವಿಪತ್ತು ಬಂತು. 1784ರ ವಿಭೂತಿ ಬುಧವಾರದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ, ಸಾವಿರಾರು ಮಂದಿ ಎಂಬುದರಲ್ಲಿ ಸಂಶಯವೂ ಇಲ್ಲ. ದಾರಿಯಲ್ಲೇ ಅನೇಕರು ಸತ್ತರು. ಕುಟುಂಬಗಳು ಚದುರಿದವು, ದೇವಾಲಯಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗುವವರೆಗೆ, 15 ವರ್ಷ, ಆ ಸೆರೆ ಮುಂದುವರಿಯಿತು. ಇದನ್ನು ಇಲ್ಲಿ ನೆನೆಯುತ್ತಿರುವುದು ಹಳೆಯ ಗಾಯವನ್ನು ಕೆದಕುವುದಕ್ಕಲ್ಲ. ನನ್ನನ್ನು ಹಿಡಿದಿರುವ ಪ್ರಶ್ನೆ ಬೇರೆ. ಹೊಲ ಕಳೆದುಕೊಂಡವರಿಗೆ ತೆನೆ ಎಲ್ಲಿಂದ? ಗುರುವಿಲ್ಲದವರಿಗೆ ಆಶೀರ್ವಾದ ಎಲ್ಲಿಂದ? ಸೆರೆಯಲ್ಲಿ ಹುಟ್ಟಿದ ಮಗುವಿಗೆ ತೆನೆಹಬ್ಬವೆಂದರೆ ದೊಡ್ಡವರ ಬಾಯಿಂದ ಕೇಳಬೇಕಾದ ಸಂಗತಿ ಮಾತ್ರ. ಆದರೂ ಬದುಕುಳಿದವರು ಹಿಂದಿರುಗಿ ಪಾಳುಬಿದ್ದ ನೆಲವನ್ನು ಮತ್ತೆ ಉತ್ತ ಮೇಲೆ ಹಬ್ಬ ಮರಳಿ ಬಂತು. ನಡುವಿನ ವರ್ಷಗಳಲ್ಲಿ ಅದು ಉಳಿದಿದ್ದರೆ ಉಳಿದದ್ದು ಮನೆಯವರ ನೆನಪಿನಲ್ಲಿಯೇ.

ಗದಗ ಸೀಮೆಗೆ ಕ್ರೈಸ್ತ ಮನೆಪ್ರಾರ್ಥನೆ ಬಂದ ದಾರಿ ಬೇರೆ. ನಮ್ಮ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರಲ್ಲಿ. ಅದಕ್ಕೂ ನೂರು ವರ್ಷ ಮುಂಚೆ, 1841ರಲ್ಲಿ, ಬಾಸೆಲ್ ಮಿಶನ್ನಿನವರು ಬೆಟಗೇರಿಯ ನೇಕಾರರ ನಡುವೆ ನೆಲೆ ಹೂಡಿದ್ದರು. ಪ್ರೊಟೆಸ್ಟೆಂಟ್ ಸಹೋದರರ ಈ ಋಣವನ್ನು ಒಬ್ಬ ಕಥೋಲಿಕ ಗುರುವಾಗಿ ನಾನು ಸಂತೋಷದಿಂದಲೇ ಒಪ್ಪಿಕೊಳ್ಳುತ್ತೇನೆ. ಮಿಶನ್ನಿನವರಲ್ಲಿ ಬಹುಮಂದಿ ಬಂದದ್ದು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಿಂದ. ಆ ನಾಡಿನ ಇತಿಹಾಸದಲ್ಲಿ ಒಂದು ಬರವಿದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದು, ಅದರ ಧೂಳು ಆಕಾಶವನ್ನು ಮುಸುಕಿ, 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು, ಜನ ಹಸಿದರು. 1817ರಲ್ಲಿ ಹೊಸ ಪೈರು ಬಂದಾಗ ವುರ್ಟೆಂಬರ್ಗಿನ ಪಟ್ಟಣಗಳಲ್ಲಿ ಮೊದಲ ಧಾನ್ಯದ ಬಂಡಿಯನ್ನು ಅಲಂಕರಿಸಿ, ಮುಂದೆ ಮಕ್ಕಳನ್ನು ಹಾಡುತ್ತ ನಡೆಸಿ ಊರೊಳಗೆ ಬರಮಾಡಿಕೊಂಡರು. ಹಿಂದಿನ ವರ್ಷ ಹಸಿದಿದ್ದ ಅದೇ ಮಕ್ಕಳು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಅದೇ ಪ್ರಾಂತ್ಯದವರು, 1811ರಲ್ಲಿ ಹುಟ್ಟಿದವರು. ಆ ಬಂಡಿಗಳು ಬಂದ ವರ್ಷ ಅವರು ಆರರ ಬಾಲಕ.

ಅಂಥ ನಾಡಿನಿಂದ ಬಂದವರು ನೆಲೆಸಿದ್ದು ಇನ್ನೊಂದು ಬರದ ನಾಡಿನಲ್ಲಿ. 1876-78ರ ಮಹಾಕ್ಷಾಮ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದುದು, ಅಂದಿನ ಧಾರವಾಡ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತು. ಈ ಸೀಮೆಯ ಒಕ್ಕಲಿಗೆ ಮಳೆ ಎಂದರೆ ಕೊಡುಗೆ, ಹಕ್ಕಲ್ಲ. ನಮ್ಮ ನೆರೆಯ ರೈತರು ಎಳ್ಳಮಾವಾಸ್ಯೆಯಂದು ಕುಟುಂಬ ಸಮೇತ ಹೊಲಕ್ಕೆ ಹೋಗಿ, ತಾವು ಉಣ್ಣುವ ಮುಂಚೆ ಅಡುಗೆಯನ್ನು ಬೆಳೆಯ ನಡುವೆ ಚರಗ ಚೆಲ್ಲುತ್ತಾರಲ್ಲ, ಅದು ಇನ್ನೂ ಕೊಯ್ಲಾಗದ ಹೊಲ. ಪೈರು ಕೈಗೆ ಬರುವುದೋ ಇಲ್ಲವೋ ತಿಳಿಯುವ ಮೊದಲೇ ಮಾಡುವ ವಂದನೆ. ಕ್ರೈಸ್ತ ತಂದೆತಾಯಿಗಳು ಇದನ್ನು ಮಕ್ಕಳಿಗೆ ತೋರಿಸಿ ವಿವರಿಸಲು ಹಿಂಜರಿಯಬೇಕಾಗಿಲ್ಲ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿದೆ.

ಅದೇ ಮಹಾಸಭೆ 1964ರಲ್ಲಿ ಕುಟುಂಬವನ್ನು 'ಮನೆಯ ಧರ್ಮಸಭೆ' ಎಂದು ಕರೆಯಿತು. 2016ರಲ್ಲಿ ಪೋಪ್ ಫ್ರಾನ್ಸಿಸರು ಮನೆಗಳಲ್ಲಿ ಮೂರು ಮಾತು ಬಳಕೆಯಲ್ಲಿರಬೇಕೆಂದು ಬರೆದರು: ದಯವಿಟ್ಟು, ವಂದನೆ, ಕ್ಷಮಿಸು. ಈ ಮೂರನ್ನು ಒಟ್ಟಿಗೆ ಇಟ್ಟದ್ದು ನನಗೆ ಬಹಳ ಹಿಡಿಸಿತು. ಬೇಡಲು ಅವಕಾಶವಿಲ್ಲದ ಮನೆಯಲ್ಲಿ ವಂದನೆ ಬರಿಯ ಅಂಜಿಕೆಯಾಗುತ್ತದೆ. ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. "ಇಷ್ಟಾದರೂ ಸಿಕ್ಕಿದೆಯಲ್ಲ, ಸುಮ್ಮನೆ ಉಣ್ಣು" ಎಂದು ಮಗುವಿನ ಬಾಯಿ ಮುಚ್ಚಿಸಲು ದೇವರ ಹೆಸರನ್ನು ಬಳಸುವವರಿದ್ದಾರೆ. ಕೂಲಿ ಕಡಿಮೆ ಕೊಟ್ಟು ಕೃತಜ್ಞತೆಯನ್ನು ನಿರೀಕ್ಷಿಸುವವರೂ ಇದ್ದಾರೆ. ಪ್ರವಾದಿ ಹಬಕ್ಕೂಕನನ್ನು ಓದಿ. ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ಕುರಿಗಳಿಲ್ಲದಿದ್ದರೂ ದೇವರಲ್ಲಿ ಆನಂದಿಸುವೆನೆಂದು ಹಾಡಿ ಅವನು ತನ್ನ ಗ್ರಂಥವನ್ನು ಮುಗಿಸುತ್ತಾನೆ. ನಾವು ಪ್ರಸಂಗಗಳಲ್ಲಿ ಅದನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಅವನು ಆರಂಭಿಸಿದ್ದು ಎಷ್ಟು ಕಾಲ ಹೀಗೆ, ನೀನೇಕೆ ಕೇಳುತ್ತಿಲ್ಲ ಎಂಬ ದೂರಿನಿಂದ. ಮೊದಲ ಅಧ್ಯಾಯವನ್ನು ಬಿಟ್ಟು ಮೂರನೆಯದನ್ನು ಮಕ್ಕಳಿಗೆ ಕಲಿಸಲು ಹೊರಟವನು ನಾನೇ ಎಂಬುದು ನಿಮಗೆ ಈಗಾಗಲೇ ತಿಳಿದಿದೆ.

ಮಾಗಡಿ ಕೆರೆಗೆ ಹೋಗಿಬಂದ ಕೆಲವು ವಾರಗಳ ನಂತರ ಆ ಬಾಲಕನ ಮನೆಗೆ ಹೋಗುವ ಸಂದರ್ಭ ಬಂತು. ಸಂಜೆಯ ಹೊತ್ತು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಉಂಡು ಹೋಗ್ರಿ ಫಾದರ್" ಎಂದು ತಾಟು ಇಟ್ಟಳು. ಪ್ರಾರ್ಥನೆಯನ್ನು ನೀನೇ ಹೇಳವ್ವ ಎಂದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಂದೊಂದಾಗಿ ಹೆಸರುಗಳನ್ನು ಎತ್ತಿಕೊಂಡಳು. ಉದ್ರಿ ಕೊಟ್ಟ ಅಂಗಡಿಯವನು, ಎತ್ತಿಗೆ ಒಂದು ಹೊರೆ ಮೇವು ಕೊಟ್ಟ ಪಕ್ಕದ ಮನೆಯವರು, ಹೋದ ವರ್ಷದ ಜೋಳವನ್ನು ಹಗೇವಿನಲ್ಲಿ ಕಾಪಿಟ್ಟಿದ್ದ ಅತ್ತೆ, ಕೊನೆಗೆ ಆ ಎತ್ತು ಕೂಡ. ಪ್ರತಿ ಹೆಸರಿಗೂ ಮಗ "ವಂದನೆ ಸ್ವಾಮಿ" ಎನ್ನುತ್ತಿದ್ದ. ಆಮೇಲೆ ಅವಳು ಸ್ವಲ್ಪ ತಡೆದು, ಮನೆಯವರೊಡನೆ ಮಾತಾಡುವ ದನಿಯಲ್ಲಿಯೇ ಹೇಳಿದಳು: "ಮಳಿ ನೀ ಕೊಡಲಿಲ್ಲ. ಅದನ್ನ ನಾವು ಮರ್ತಿಲ್ಲ. ಕೊಡು."

ಹುಡುಗ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದ. ಆಮೆನ್ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅವನೇ.