ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್

1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಫೈನಲ್‌ನಲ್ಲಿ ಬೆಂಗಳೂರಿನ ತಂಡವೊಂದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1–0ರಿಂದ ಸೋಲಿಸಿತು. 1891ರಲ್ಲಿ ಶುರುವಾದ ಆ ಪಂದ್ಯಾವಳಿಯನ್ನು ಅಲ್ಲಿಯವರೆಗೆ ಭಾರತೀಯ ತಂಡ ಯಾವುದೂ ಗೆದ್ದಿರಲಿಲ್ಲ. ಗೆದ್ದ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್.

ದಂಡಿನಲ್ಲಿ ಹುಟ್ಟಿದ ಆಟ

ಕುಂದಾಣ, ದೇವನಹಳ್ಳಿ ಕಡೆಯ ಹಿರಿಯರು ‘ದಂಡು’ ಎನ್ನುವುದು ಬೆಂಗಳೂರಿನ ಕಂಟೋನ್ಮೆಂಟ್‌ಗೆ. 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ಈ ಸೇನಾನೆಲೆ 1947ರವರೆಗೂ ಮೈಸೂರು ಅರಸರ ಆಡಳಿತದಿಂದ ಹೊರಗೇ ಉಳಿದಿತ್ತು. ಗೋರಾ ಸಿಪಾಯಿಗಳು ಅಲ್ಲಿನ ಮೈದಾನಗಳಲ್ಲಿ ಫುಟ್‌ಬಾಲ್ ಆಡಿದರು. ಸುತ್ತಲಿನ ಕೇರಿಗಳ ಹುಡುಗರು ನೋಡಿ ಕಲಿತರು, ಬರಿಗಾಲಲ್ಲೇ ಆಡಿದರು. ಹಲಸೂರು, ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರಗಳಲ್ಲಿ ಆಟ ಬೇರೂರಿದ್ದು ಹೀಗೆ. ಬೂಟು ಕೊಳ್ಳಲಾಗದ ಮನೆಗೂ ಒಂದು ಚೆಂಡು ನಿಲುಕುತ್ತಿತ್ತು.

ಎರಡು ಗೆಲುವು

ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಪಡೆಗಳ ಸೊತ್ತಿನಂತಿತ್ತು. ಮೊದಲ ವರ್ಷ ಗೆದ್ದದ್ದು ವೂಸ್ಟರ್‌ಷೈರ್ ರೆಜಿಮೆಂಟ್. 1923ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಫೈನಲ್ ತಲುಪಿ ಸೋತಿತು. ಇನ್ನು 1937ರ ಎದುರಾಳಿ ಮೊಹಮ್ಮಡನ್ ಸ್ಪೋರ್ಟಿಂಗ್ ಸಾಮಾನ್ಯ ತಂಡವಲ್ಲ: 1934ರಿಂದ 1938ರವರೆಗೆ ಐದೂ ವರ್ಷ ಕಲ್ಕತ್ತಾ ಲೀಗ್ ಗೆದ್ದ, 1936ರಲ್ಲಿ ಐ.ಎಫ್.ಎ. ಶೀಲ್ಡ್ ಎತ್ತಿದ ತಂಡ. ಅಂಥವರನ್ನು ಮಣಿಸಿದ್ದು ಅದೃಷ್ಟದ ಮಾತಲ್ಲ.

ಮರುವರ್ಷ ಅದಕ್ಕೆ ಸಾಕ್ಷಿಯೂ ಸಿಕ್ಕಿತು. 1938ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಬ್ರಿಟಿಷ್ ಪಡೆಯೇ, ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್. ಬೆಂಗಳೂರು 3–2ರಿಂದ ಗೆದ್ದಿತು. ಯಾರನ್ನು ನೋಡಿ ಆಟ ಕಲಿತರೋ ಅವರನ್ನೇ ಸೋಲಿಸಿದ ಈ ಪಂದ್ಯವೇ ನನಗೆ 1937ಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1911ರಲ್ಲಿ ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿದ ಕಥೆಯನ್ನು ಬಂಗಾಳ ಮನೆಮಾತಾಗಿಸಿಕೊಂಡಿದೆ. ನಮ್ಮ 1938 ನಮ್ಮ ಪಠ್ಯಗಳಲ್ಲೂ ಇರಬೇಕಿತ್ತು.

1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಅದೇ ಫೈನಲ್‌ನಲ್ಲಿ ಬೆಂಗಳೂರನ್ನು 1–0ರಿಂದ ಸೋಲಿಸಿ ಲೆಕ್ಕ ಚುಕ್ತಾ ಮಾಡಿತು.

ಸಮುದಾಯದ ಹೆಸರಿನ ತಂಡಗಳು

ತಂಡಕ್ಕೆ ಧರ್ಮದ ಹೆಸರೇಕೆ ಎಂದು ಇಂದಿನವರು ಕೇಳಬಹುದು. ಆ ಕಾಲದಲ್ಲಿ ಅದು ವಾಡಿಕೆ. ಬಾಂಬೆಯ ಕ್ರಿಕೆಟ್ ಪಂದ್ಯಾವಳಿಯಲ್ಲೂ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ತಂಡಗಳೇ ಇದ್ದವು.

ಅಮೆರಿಕದಲ್ಲಿ ಇದೇ ಕಾಲಕ್ಕೆ ಕಪ್ಪು ಜನರ ಕಾಲೇಜುಗಳು ತಮ್ಮದೇ ಫುಟ್‌ಬಾಲ್ ತಂಡ ಕಟ್ಟಿಕೊಂಡಿದ್ದವು. ಅವರ ಫುಟ್‌ಬಾಲ್ ಬೇರೆ ಆಟ, ಕೈಯಲ್ಲಿ ಚೆಂಡು ಹಿಡಿದು ಓಡುವಂಥದ್ದು. ದಕ್ಷಿಣದ ಬಿಳಿಯರ ಕಾಲೇಜುಗಳು ಅವರೊಡನೆ ಆಡುತ್ತಿರಲಿಲ್ಲ. ಹಾಗಾಗಿ ಅವರ ಚಾಂಪಿಯನ್ ಯಾರೆಂದು ಕಪ್ಪು ಜನರ ಪತ್ರಿಕೆಗಳೇ ಆರಿಸುತ್ತಿದ್ದವು. ಬೆಂಗಳೂರಿನವರಿಗೆ ಆಳುವವರ ಎದುರು ಒಂದೇ ಮೈದಾನದಲ್ಲಿ ನಿಲ್ಲುವ ಅವಕಾಶವಾದರೂ ಇತ್ತು.

1948

ಸ್ವಾತಂತ್ರ್ಯ ಬಂದ ಮರುವರ್ಷ ತಂಡ ಮೂರನೆಯ ಬಾರಿ ರೋವರ್ಸ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್, 1–0. ಬೆಂಗಳೂರಿನ ಫುಟ್‌ಬಾಲ್‌ಗೆ ಅದು ತುಂಬು ಹರೆಯ. ಮೈಸೂರು ಸಂಸ್ಥಾನದ ತಂಡ 1946–47ರಲ್ಲೇ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಾಗ ಭಾರತದ ಆ ಒಂದು ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದೇ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ, ಅಲ್ಲಿ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು.

ಪ್ರತಿಭೆ ಹೀಗೆ ಕಲ್ಕತ್ತೆಯ ದಾರಿ ಹಿಡಿಯಿತು. ಊರಿನ ಕ್ಲಬ್‌ಗಳು ಬಡವಾದವು. ಬೆಂಗಳೂರು ಮುಸ್ಲಿಮ್ಸ್ ಮತ್ತೆ ರೋವರ್ಸ್ ಕಪ್ ಗೆಲ್ಲಲಿಲ್ಲ. 2000–01ರ ನಂತರ ಆ ಪಂದ್ಯಾವಳಿಯೇ ನಿಂತುಹೋಯಿತು.